ಕಿವಿ ಹಿಂದಿನ ಯಂತ್ರಕ್ಕೆ ವಾರಂಟಿ ಮುಗಿದ ಮೇಲೆ

ನಿಮ್ಮಲ್ಲಿ ಬಹಳ ಮಂದಿ ಇದನ್ನ ಇಯರ್‌ಬಡ್ ಹಾಕ್ಕೊಂಡು ಬಸ್ಸಿನೊಳಗೋ, ಹೊಲದ ಬದುವಿನ ಮ್ಯಾಲೋ ಕೂತು ಕೇಳ್ತಿರ್ತೀರಿ. ಎರಡರಲ್ಲಿ ಒಂದು ಕಳೆದುಹೋದರೆ ಎಷ್ಟು ಬೇಜಾರಾಗ್ತದ ಅಂತ ನಿಮಗೆ ಗೊತ್ತು. ಇವತ್ತು ಹೆಚ್ಚುಕಮ್ಮಿ ಅಷ್ಟೇ ಗಾತ್ರದ ಇನ್ನೊಂದು ಯಂತ್ರದ ಬಗ್ಗೆ ಮಾತಾಡೋದಿದೆ. ಅದು ಕೆಟ್ಟರೆ ಹಾಡು ನಿಲ್ಲೋದಿಲ್ಲ, ಒಂದು ಮಗುವಿಗೆ ಅವ್ವನ ದನಿ ನಿಂತುಹೋಗ್ತದ.

ನಾನು ವಳಕಮದಿನ್ನಿಯವನು. ಸಂತೆಗೆ, ಆಸ್ಪತ್ರೆಗೆ, ಕಚೇರಿಗೆ ಅಂತ ನಮ್ಮ ಕಡೆಯವರು ಸಿಂಧನೂರು, ಮಸ್ಕಿ, ಲಿಂಗಸುಗೂರಿಗೆ ಓಡಾಡೋರು. ನಮ್ಮ ಓಣಿಯಲ್ಲಿ ಏಳು ವರ್ಷದ ಒಬ್ಬ ಹುಡುಗಿ ಇದ್ದಾಳ. ಹೆಸರು ಹೇಳೋದಿಲ್ಲ, ನಾಳೆ ದೊಡ್ಡವಳಾಗಿ ಈ ಪಾಡ್‌ಕಾಸ್ಟ್ ಅವಳೇ ಕೇಳಬಹುದು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳ್ತಿರಲಿಲ್ಲ. ಮೂರು ವರ್ಷ ತುಂಬೋದರೊಳಗೆ ಸರ್ಕಾರದ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಆಯ್ತು. ಮೊದಮೊದಲು "ಅವ್ವ", ಆಮೇಲೆ "ಬಾ", "ಕೊಡು", ಆಮೇಲೆ ನಮ್ಮೆಲ್ಲರಿಗೂ ಬಯ್ಯೋಷ್ಟು ಮಾತು ಬಂತು. ಹೋದ ಮಳೆಗಾಲದಲ್ಲಿ ಕಿವಿ ಹಿಂದೆ ಹಾಕೋ ಮಷಿನ್ ಸತ್ತಿತು. ವಾರಂಟಿ ಮುಗಿದಿತ್ತು. ಅವರವ್ವ ಅದನ್ನ ಸೆರಗಿನಲ್ಲಿ ಕಟ್ಟಿಕೊಂಡು ಬಂದು, "ತಮ್ಮಾ, ನೀ ಫೋನಿನ್ಯಾಗ ಒಂಚೂರು ನೋಡಪ, ಇದು ಎಲ್ಲಿ ಸಿಗ್ತದ, ಎಷ್ಟ್ ಆಗ್ತದ" ಅಂದ್ರು. ನಾನು ನೋಡಿದೆ. ರೇಟು ಲಕ್ಷದ ಲೆಕ್ಕದಲ್ಲಿತ್ತು. ಅವರ ಹತ್ತಿರ ಇರೋದು ಎರಡು ಎಕರೆ, ಅದೂ ಮಳೆ ನಂಬಿದ ಹೊಲ. ನಾನು ಫೋನು ತಿರುಗಿಸಿ ಅಂಕಿ ತೋರಿಸಿದೆ, ಬಾಯಿಬಿಟ್ಟು ಹೇಳಲಿಲ್ಲ.

ಆ ದಿನದಿಂದ ಇದರ ಬೆನ್ನು ಹತ್ತಿ ಓದಿದ್ದು, ಕೇಳಿದ್ದು ಇವತ್ತಿನ ಸಂಚಿಕೆ.

ಮೊದಲು ಒಂದು ವಿಷಯ ಬಿಡಿಸಿ ಹೇಳ್ತೀನಿ, ಯಾಕಂದ್ರ ನಮ್ಮೂರಾಗ ಎಲ್ಲಾನೂ "ಕಿವಿ ಮಷಿನ್" ಅಂತನೇ ಕರೀತಾರೆ. ಅಜ್ಜಂದಿರು ಹಾಕೋ ಶ್ರವಣ ಸಾಧನ, ಅಂದ್ರೆ ಹಿಯರಿಂಗ್ ಏಡ್, ಶಬ್ದವನ್ನ ಜೋರು ಮಾಡಿ ಕಿವಿಯೊಳಗೆ ಬಿಡ್ತದ ಅಷ್ಟೆ. ಒಳಗಿವಿ ಸ್ವಲ್ಪನಾದರೂ ಕೆಲಸ ಮಾಡ್ತಿದ್ರೆ ಅದು ಸಾಕು. ಆದರೆ ಒಳಗಿವಿಯ ರೋಮಕೋಶಗಳೇ ಇಲ್ಲದಿದ್ರೆ ಎಷ್ಟು ಜೋರು ಮಾಡಿ ಏನು ಉಪಯೋಗ? ಕರೆಂಟೇ ಇಲ್ಲದ ಮನೆಯಲ್ಲಿ ಟಿವಿ ವಾಲ್ಯೂಮ್ ಹೆಚ್ಚಿಸಿದ ಹಾಗೆ. ಕಾಕ್ಲಿಯರ್ ಇಂಪ್ಲಾಂಟ್ ಆ ಹಾಳಾದ ಭಾಗವನ್ನ ಬಿಟ್ಟು, ಶಬ್ದವನ್ನ ಸಣ್ಣ ವಿದ್ಯುತ್ ಮಿಡಿತ ಮಾಡಿ ನೇರ ಶ್ರವಣ ನರಕ್ಕೇ ಮುಟ್ಟಿಸ್ತದ.

ಇದರಲ್ಲಿ ಎರಡು ಭಾಗ. ಒಂದು ಹೊರಗೆ, ಒಂದು ಒಳಗೆ. ಹೊರಗಿನದು ಕಿವಿ ಹಿಂದೆ ಕೂಡೋ ಪ್ರೊಸೆಸರ್: ಮೈಕು, ಬ್ಯಾಟರಿ, ಒಂದು ಪುಟ್ಟ ಕಂಪ್ಯೂಟರ್. ಅದರಿಂದ ಒಂದು ವೈರು ಹೊರಟು ದುಂಡನೆ ಕಾಯಿಲ್‌ಗೆ ಸೇರ್ತದ. ಆ ಕಾಯಿಲ್ ತಲೆಗೆ ಅಂಟಿಕೊಂಡು ಕೂಡೋದು ಗಮ್ಮಿನಿಂದಲ್ಲ, ಅಯಸ್ಕಾಂತದಿಂದ. ಚರ್ಮದ ಕೆಳಗೂ ಒಂದು ಅಯಸ್ಕಾಂತ ಇರ್ತದ. ಒಳಗಿನ ಭಾಗಕ್ಕೆ ತನ್ನದೇ ಬ್ಯಾಟರಿ ಇಲ್ಲ. ಕರೆಂಟು, ಮಾಹಿತಿ ಎರಡೂ ಕಾಯಿಲ್‌ನಿಂದ ಚರ್ಮ ದಾಟಿ ರೇಡಿಯೋ ಅಲೆಯಲ್ಲಿ ಹೋಗ್ತಾವೆ. ವೈರ್‌ಲೆಸ್ ಚಾರ್ಜರ್ ಮೇಲೆ ಫೋನ್ ಇಟ್ಟ ಹಾಗೆ ಅಂದುಕೊಳ್ಳಿ. ಒಳಗಿನ ಭಾಗದಿಂದ ಕೂದಲೆಳೆಯಂಥ ತಂತಿಗಳ ಒಂದು ಎಳೆ, ತುದಿವರೆಗೆ ಸಾಲಾಗಿ ವಿದ್ಯುದ್ವಾರಗಳು, ಒಳಗಿವಿಯ ಬಸವನಹುಳದ ಚಿಪ್ಪಿನಂಥ ಕಾಕ್ಲಿಯಾದೊಳಗೆ ಸುತ್ತಿಕೊಂಡು ಕೂತಿರ್ತದ. ಕಾಕ್ಲಿಯಾ ಸುಮಾರು ಎರಡೂವರೆ ಸುತ್ತು. ಬುಡದಲ್ಲಿ ಕೀರಲು ದನಿ, ತುದಿಯಲ್ಲಿ ದಪ್ಪ ದನಿ.

ಆರೋಗ್ಯವಂತ ಕಿವಿಯಲ್ಲಿ ಮಿದುಳಿಗೆ ಸುದ್ದಿ ಮುಟ್ಟಿಸೋ ಒಳಸಾಲಿನ ರೋಮಕೋಶಗಳು ಸುಮಾರು 3,500. ಇಂಪ್ಲಾಂಟ್‌ನಲ್ಲಿ ಅಷ್ಟೂ ಕೆಲಸ 12ರಿಂದ 22 ವಿದ್ಯುದ್ವಾರ ಮಾಡಬೇಕು. ಹಾರ್ಮೋನಿಯಂನ ಹತ್ತಿಪ್ಪತ್ತು ಮನೆ ಬಿಟ್ಟು ಉಳಿದೆಲ್ಲ ಕಿತ್ತು ಹಾಕಿ ಭಜನೆ ನುಡಿಸಿ ಅಂದಂಗೆ. ದೊಡ್ಡವರಾದ ಮೇಲೆ ಕಿವಿ ಹೋಗಿ ಇಂಪ್ಲಾಂಟ್ ಹಾಕಿಸಿಕೊಂಡವರು ಮೊದಮೊದಲು ಎಲ್ಲರ ದನಿನೂ ರೋಬೋ ಮಾತಾಡಿದಂಗೆ ಕೇಳ್ತದ ಅಂತಾರೆ. ತಿಂಗಳು ಕಳೆದಂತೆ ಮಿದುಳು ಅದಕ್ಕೇ ಒಗ್ಗಿಕೊಳ್ತದ. ನನಗೆ ಯಂತ್ರಕ್ಕಿಂತ ಇದೇ ದೊಡ್ಡ ಆಶ್ಚರ್ಯ.

ಇದನ್ನ ಯಾರು ಮಾಡಿದ್ರು? 1961ರಲ್ಲಿ ಅಮೆರಿಕದ ವಿಲಿಯಂ ಹೌಸ್ ಅನ್ನೋ ವೈದ್ಯರು ಒಂದೇ ವಿದ್ಯುದ್ವಾರದ ಸಾಧನ ಕೂಡಿಸಿ ನೋಡಿದ್ರು. ಅದರಿಂದ ಸದ್ದು ಕೇಳ್ತಿತ್ತು, ಮಾತು ಬಿಡಿಸಿ ತಿಳೀತಿರಲಿಲ್ಲ. ಬಹು ವಿದ್ಯುದ್ವಾರದ ದಾರಿ ಹಿಡಿದವರಲ್ಲಿ ದೊಡ್ಡ ಹೆಸರು ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್. ಅವರ ಅಪ್ಪ ಔಷಧಿ ಅಂಗಡಿ ನಡೆಸ್ತಿದ್ರು, ಕಿವಿ ಸರಿಯಾಗಿ ಕೇಳ್ತಿರಲಿಲ್ಲ. ಗಿರಾಕಿ ಮುಂದೆ ಅಪ್ಪ ಪಡೋ ಕಷ್ಟ ಮಗ ಚಿಕ್ಕಂದಿನಿಂದ ನೋಡಿದ್ದ. ಸುತ್ತು ಸುತ್ತಾಗಿರೋ ಕಾಕ್ಲಿಯಾದೊಳಗೆ ತಂತಿಯನ್ನ ಹರಿಯದಂಗೆ, ಒಳಗಿನದನ್ನ ಗಾಯ ಮಾಡದಂಗೆ ತೂರಿಸೋದು ಹೇಗೆ ಅನ್ನೋದು ಅವರಿಗೆ ಗಂಟಾಗಿತ್ತು. ರಜೆಗೆ ಸಮುದ್ರ ತೀರಕ್ಕೆ ಹೋದಾಗ ಒಂದು ಚಿಪ್ಪು ಎತ್ತಿಕೊಂಡು ಅದರೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದ್ರಂತೆ. ತುದಿ ಮೆತ್ತಗೆ, ಬುಡ ಗಟ್ಟಿ ಇರೋ ಎಸಳು ಸುತ್ತು ಹಿಡಿದು ಸಲೀಸಾಗಿ ಒಳಗೆ ಹೋಯ್ತು. 1978ರ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ ರಾಡ್ ಸಾಂಡರ್ಸ್ ಅನ್ನೋ, ಅಪಘಾತದಲ್ಲಿ ಕಿವಿ ಕಳಕೊಂಡಿದ್ದವರಿಗೆ ಆ ಸಾಧನ ಕೂಡಿಸಿದ್ರು. ನಮ್ಮ ಹೊಲದ ಬದುವಿನ ಹುಲ್ಲು ಕೂಡ ಹಂಗೇ ಇರ್ತದ ನೋಡ್ರಿ, ತುದಿ ಮೆತ್ತಗೆ, ಬುಡ ಗಟ್ಟಿ.

ಈಗ ನಮ್ಮ ಕಡೆಗೆ ಬರೋಣ. ಈ ಸಂಚಿಕೆಯಲ್ಲಿ ಒಂದು ಮಾತು ಮಾತ್ರ ನೆನಪಿಟ್ಟುಕೊಳ್ತೀರಿ ಅಂದ್ರೆ ಇದು: ಟೈಮು. ಹುಟ್ಟು ಕಿವುಡಿರೋ ಮಗುವಿನ ಮಿದುಳಿನಲ್ಲಿ ಶಬ್ದಕ್ಕೆ ಅಂತ ಮೀಸಲಿರೋ ಜಾಗ ಖಾಲಿ ಕೂಡೋದಿಲ್ಲ, ಬೇರೆ ಕೆಲಸಕ್ಕೆ ಹೋಗಿಬಿಡ್ತದ. ಸುಮಾರು ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಆದ ಮಕ್ಕಳಲ್ಲಿ ಆ ದಾರಿ ಚೆನ್ನಾಗಿ ಬೆಳೀತದ, ಏಳು ವರ್ಷ ದಾಟಿದ ಮೇಲೆ ಬಹಳ ಕಷ್ಟ ಅಂತ ಸಂಶೋಧನೆಗಳು ತೋರಿಸ್ಯಾವ. ನಮ್ಮ ಊರುಗಳಲ್ಲಿ ಏನಾಗ್ತದ? ಎರಡು ವರ್ಷ ಆದ್ರೂ ಮಾತಿಲ್ಲ ಅಂದ್ರೆ, "ಅವರಪ್ಪಗೂ ಮಾತು ತಡಾನೇ ಬಂದಿತ್ತು ಬಿಡ್ರಿ." ಮೂರು ವರ್ಷ ಆದ್ರೆ ಒಂದು ಹರಕೆ. ನಾಲ್ಕಕ್ಕೆ ಅಂಗನವಾಡಿ ಟೀಚರ್ ಹೇಳಿದ ಮೇಲೆ ಡಾಕ್ಟರ್ ಹತ್ತಿರ. ಹರಕೆ ಹೊರೋದಕ್ಕೆ ನನ್ನ ತಕರಾರಿಲ್ಲ, ಆದರೆ ಅದೇ ವಾರದಲ್ಲಿ ಕಿವಿನೂ ತೋರಿಸಿ. ಹುಟ್ಟಿದ ಕೂಸಿಗೇ ಮಾಡೋ ಪರೀಕ್ಷೆ ಇದೆ, ಒಎಇ ಅಂತಾರೆ. ಮಗು ಮಲಗಿದ್ದಾಗ ಕಿವಿಯಲ್ಲಿ ಪುಟ್ಟ ತುದಿ ಇಟ್ಟು ಕೆಲವು ನಿಮಿಷದಲ್ಲಿ ಮುಗಿಸ್ತಾರೆ. ನೋವಿಲ್ಲ, ಸೂಜಿ ಇಲ್ಲ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಜಗತ್ತಿನ ತುಂಬ ಒಪ್ಪಿಕೊಂಡ ಲೆಕ್ಕ ಇದು.

ಇನ್ನೊಂದು ಮಾತು, ಮನೆಮಂದಿ ಎದುರಿಗೆ ಹೇಳೋಕೆ ಮುಜುಗರ ಆಗೋದು. ಅಕ್ಕನ ಮಗಳನ್ನ ತಮ್ಮ ತರೋದು, ಸೋದರತ್ತೆ ಮಗನಿಗೆ ಕೊಡೋದು ನಮ್ಮ ಕಡೆ ಹೊಸದಲ್ಲ. ಹೊಲ ಮನೆ ಹೊರಗೆ ಹೋಗಬಾರದು, ಮಗಳು ಕಣ್ಣೆದುರಿಗಿರಬೇಕು ಅನ್ನೋ ಕಾರಣ ನನಗೂ ಅರ್ಥ ಆಗ್ತದ. ಆದರೆ ಕೆಲವು ಹುಟ್ಟು ಕಿವುಡುತನದ ಜೀನು ಗಂಡ ಹೆಂಡತಿ ಇಬ್ಬರಲ್ಲೂ ಅಡಗಿ ಕೂತಿರ್ತದ, ಒಂದೇ ರಕ್ತದವರು ಮದುವೆ ಆದಾಗ ಎರಡೂ ಕೂಡಿ ಮಗುವಿನಲ್ಲಿ ಹೊರಗೆ ಬರೋ ಸಾಧ್ಯತೆ ಹೆಚ್ಚು. ಆದ ಮದುವೆಗೆ ಯಾರನ್ನೂ ಬಯ್ಯೋ ಅಗತ್ಯ ಇಲ್ಲ. ಅಂಥ ಮನೆಯಲ್ಲಿ ಕೂಸು ಹುಟ್ಟಿದ್ರೆ ಕಿವಿ ಪರೀಕ್ಷೆ ಬಿಡಬೇಡಿ, ಅಷ್ಟೇ.

ದುಡ್ಡಿನ ವಿಷಯ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಬಡ ಕುಟುಂಬದ ಚಿಕ್ಕ ಮಕ್ಕಳಿಗೆ ಇಂಪ್ಲಾಂಟ್ ಸಿಗ್ತದ. 2014ರಲ್ಲಿ ಯೋಜನೆ ಪರಿಷ್ಕರಿಸಿದಾಗ ಒಂದಕ್ಕೆ 6 ಲಕ್ಷ ರೂಪಾಯಿ ಮಿತಿ ಇಟ್ಟಿದ್ರು. ನಮ್ಮ ರಾಜ್ಯ ಆರೋಗ್ಯ ಇಲಾಖೆಯ ಶ್ರವಣ ಸಂಜೀವಿನಿಯಲ್ಲೂ ಚಿಕ್ಕ ಮಕ್ಕಳಿಗೆ ಉಚಿತವಾಗಿ ಮಾಡ್ತಾರೆ. ಆಪರೇಷನ್ ಆದ ದಿನ ಫೋಟೋ ತೆಗೀತಾರೆ, ಪೇಪರಿನಲ್ಲಿ ಸುದ್ದಿ ಬರ್ತದ. ಒಳ್ಳೇದೇ. ನನ್ನ ಪ್ರಶ್ನೆ ಇರೋದು ಆರನೇ ವರ್ಷದ ಬಗ್ಗೆ. ಆ ದಿನ ಫೋಟೋ ತೆಗೆಯೋಕೆ ಯಾರೂ ಬರೋದಿಲ್ಲ.

ಯಾಕಂದ್ರೆ ಆಪರೇಷನ್ ಅನ್ನೋದು ಇದರಲ್ಲಿ ಕೆಲವು ಗಂಟೆಯ ಕೆಲಸ. ಗಾಯ ಮಾಗಿ, ಕೆಲವು ವಾರ ಆದ ಮೇಲೆ ಸ್ವಿಚ್ ಆನ್ ಮಾಡ್ತಾರೆ. ಆಮೇಲೆ ಮ್ಯಾಪಿಂಗ್, ಅಂದ್ರೆ ಪ್ರತಿ ವಿದ್ಯುದ್ವಾರಕ್ಕೂ ಎಷ್ಟು ಕರೆಂಟು ಬಿಟ್ಟರೆ ಮಗುವಿಗೆ ಕೇಳ್ತದ, ಎಷ್ಟಕ್ಕೆ ಬೆಚ್ಚಿಬೀಳ್ತದ ಅಂತ ಕಂಪ್ಯೂಟರ್ ಎದುರು ಕೂತು ಹೊಂದಿಸೋದು. ಅದಕ್ಕೆ ಮತ್ತೆ ಮತ್ತೆ ಹೋಗಬೇಕು. ಅದರ ಜೊತೆ ವರ್ಷಗಟ್ಟಲೆ ಮಾತಿನ ತರಬೇತಿ. ಸದ್ದು ಕೇಳಿದ ಕೂಡಲೇ ಮಾತು ಬರೋದಿಲ್ಲ. ಬಾಗಿಲು ಬಡಿದದ್ದು ಬಾಗಿಲೇ, ಎಮ್ಮೆ ಒದರಿದ್ದು ಎಮ್ಮೆನೇ ಅಂತ ಒಂದೊಂದೂ ಕಲಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮಂದಿ ಬಾಯಲ್ಲಿ ಆಯಿಷ್. ದೇಶಕ್ಕೇ ದೊಡ್ಡ ಹೆಸರು. ಮೈಸೂರಿನಲ್ಲಿ ತಾಯಂದಿರು ಮಕ್ಕಳ ಜೊತೆ ಬಂದು ಕೂತು ಕಲಿಯೋ ಪದ್ಧತಿನೂ ಬಹಳ ವರ್ಷದಿಂದ ನಡೆದಿದೆ. ಆದರೆ ವಳಕಮದಿನ್ನಿಯಿಂದ ಮೈಸೂರು ಅಂದ್ರೆ ರಾಜ್ಯದ ಈ ತುದಿಯಿಂದ ಆ ತುದಿ. ಒಂದು ರಾತ್ರಿ ಪೂರಾ ಬಸ್ಸು, ಇಬ್ಬರ ಕೂಲಿ ಖೋತಾ, ಮನೇಲಿ ಉಳಿದ ಮಕ್ಕಳನ್ನ ನೋಡೋರು ಯಾರು?

ಗುಳೆ ಹೋಗೋದು ಬೇರೆ. ಕೆಲಸ ಇಲ್ಲದ ತಿಂಗಳಲ್ಲಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಡೋ ಕುಟುಂಬದ ಮಗುವಿಗೆ ತರಬೇತಿ ಅಲ್ಲಿಗೇ ತುಂಡಾಗ್ತದ. ಸಿಮೆಂಟ್ ಧೂಳು, ಬೆವರು, ತಗಡಿನ ಶೆಡ್ಡು. ಈ ಪ್ರೊಸೆಸರ್‌ಗೆ ದೊಡ್ಡ ಶತ್ರು ತೇವ. ಕಾಲುವೆ ನೀರು ಹರಿಯೋ ಕಡೆ ನೆಲ್ಲು ಹಚ್ಚೋ ಗದ್ದೆಗಳ ನಡುವಿನ ಹುಡುಗರು ದಿನಕ್ಕೆ ಮೂರು ಸಲ ನೀರಿಗೆ ಬೀಳೋರು. ನಮ್ಮ ಬ್ಯಾಸಗಿ ಬೆವರು ನಿಮಗೆ ಗೊತ್ತೇ ಇದೆ. ರಾತ್ರಿ ತೇವ ಹೀರೋ ಹರಳಿನ ಡಬ್ಬಿಯಲ್ಲಿ ಇಡಬೇಕು ಅಂತ ಹೇಳಿ ಕಳಿಸಿರ್ತಾರೆ, ಆ ಹರಳು ಬದಲಿಸಬೇಕು ಅನ್ನೋದು ಯಾರಿಗೂ ನೆನಪಿರೋದಿಲ್ಲ.

ಈ ಹುಡುಗಿಯ ವಿಷಯದಲ್ಲಿ ಒಂದು ಆಸ್ಪತ್ರೆಗೆ ಮೂರು ಸಲ ಹೋದ್ವಿ. ಮೊದಲ ಸಲ ಕಂಪನಿಯವರನ್ನ ಕೇಳಿ ಅಂದ್ರು. ಕಂಪನಿಯವರು ಆ ಮಾಡೆಲ್ ನಿಂತುಹೋಗಿದೆ, ಹೊಸದು ತಗೊಳ್ಳಿ ಅಂದ್ರು. ಆ ಮೂರು ತಿಂಗಳಲ್ಲಿ ಹುಡುಗಿ ಶಾಲೆಗೆ ಹೋಗೋದು ಬಿಡಲಿಲ್ಲ, ಆದರೆ ಹಿಂದಿನ ಬೆಂಚಿಗೆ ಹೋಗಿ ಕೂತಳು. ಮಾತು ಸವೆಯೋಕೆ ಶುರುವಾಯ್ತು. "ಸ" ಹೋಯ್ತು, ಆಮೇಲೆ "ಶ" ಹೋಯ್ತು. ತನ್ನ ದನಿ ತನಗೇ ಕೇಳದಿದ್ರೆ ಹಂಗೇ ಆಗೋದು ಅಂತ ವಾಕ್ ತಜ್ಞರು ಹೇಳಿದ್ರು. ಕೊನೆಗೆ ಹೊಸ ಮಾಡೆಲ್‌ಗೆ ಬದಲಿಸಿಕೊಂಡ ಬೇರೊಂದು ಕುಟುಂಬದ ಹಳೇ ಪ್ರೊಸೆಸರ್ ಸಿಕ್ಕಿತು. ಅದಕ್ಕೆ ಇವಳ ಮ್ಯಾಪ್ ಹಾಕಿಸಿದ್ವಿ. ಅದೂ ಹಳೇದೇ, ಎಷ್ಟು ದಿನ ನಡೀತದೋ. ಸರ್ಕಾರಕ್ಕೆ ಹಾಕಿದ ಅರ್ಜಿ ಇನ್ನೂ ಟೇಬಲ್ ಮೇಲಿದೆ.

ಇದು ಬಡವರಿಗೆ ಮಾತ್ರ ಬರೋ ಕಷ್ಟ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಸೆಕೆಂಡ್ ಸೈಟ್ ಅಂತ ಒಂದು ಕಂಪನಿ ಇತ್ತು. ಆರ್ಗಸ್ ಅಂತ ಕಣ್ಣಿನ ಇಂಪ್ಲಾಂಟ್ ಮಾಡ್ತಿತ್ತು, ಕುರುಡರಿಗೆ ಬೆಳಕಿನ ಆಕಾರ ಕಾಣೋ ಹಾಗೆ. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡಿದ್ರು. ಕಂಪನಿಗೆ ಲಾಭ ಬರಲಿಲ್ಲ, ತಯಾರಿಕೆ ನಿಲ್ಲಿಸ್ತು, ರಿಪೇರಿನೂ ನಿಂತಿತು. 2022ರಲ್ಲಿ ಈ ಸುದ್ದಿ ಹೊರಗೆ ಬಂದಾಗ ಜಗತ್ತೇ ಹೌಹಾರಿತು. ಕಣ್ಣೊಳಗೆ ಯಂತ್ರ ಕೂತಿದೆ, ಅದನ್ನ ಮಾಡಿದವರು ಫೋನ್ ಎತ್ತೋದಿಲ್ಲ. ನಿಮ್ಮ ಫೋನಿಗೆ ಅಪ್‌ಡೇಟ್ ನಿಂತ್ರೆ ಹೊಸ ಫೋನ್ ತಗೋತೀರಿ. ಕಣ್ಣಿಗೆ ಅಪ್‌ಡೇಟ್ ನಿಂತ್ರೆ?

ಪೇಸ್‌ಮೇಕರ್ ಕಥೆ ಇದಕ್ಕೆ ಎದುರು. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅನ್ನೋರ ದೇಹದೊಳಗೆ ಮೊದಲನೇದನ್ನ ಕೂಡಿಸಿದ್ರು. ಅದು ಕೆಲವೇ ಗಂಟೆ ನಡೀತು! ಮತ್ತೊಂದು ಕೂಡಿಸಿದ್ರು. ಹಿಂಗೆ ಜೀವಮಾನದಲ್ಲಿ 26 ಸಾಧನ ಬದಲಿಸಿ, ಆ ಮನುಷ್ಯ 2001ರವರೆಗೆ, 86 ವರ್ಷ ಬದುಕಿದ್ರು. ಮೊದಲ ಯಂತ್ರಕ್ಕಿಂತ, ಕೆಟ್ಟಾಗೆಲ್ಲ ಇನ್ನೊಂದು ಕೊಡೋಕೆ ಯಾರೋ ಇದ್ದರಲ್ಲ, ಅದಕ್ಕೇ ಅವರು ಉಳಿದದ್ದು.

ನಮ್ಮ ದೇಶದಲ್ಲೇ ಇನ್ನೊಂದು ದಾರಿ ಇದೆ, ಜೈಪುರ ಕಾಲು. 1968ರ ಸುಮಾರಿಗೆ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಮೂಳೆ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಮಾಡಿದ್ದು. ಮಾಸ್ಟರ್‌ಜಿ ಅಂತಿದ್ರು ಶರ್ಮಾ ಅವರನ್ನ, ಹೆಚ್ಚು ಶಾಲೆ ಕಲಿತವರಲ್ಲ. ಸೈಕಲ್ ಪಂಕ್ಚರ್ ಆಗಿ ನಿಂತಾಗ ಅಂಗಡಿಯವನು ಲಾರಿ ಟೈರಿಗೆ ರಬ್ಬರ್ ಕೂಡಿಸೋದು ನೋಡಿ ಪಾದವನ್ನ ರಬ್ಬರಿನಲ್ಲಿ ಮಾಡೋ ಉಪಾಯ ಹೊಳೀತು ಅಂತ ಹೇಳ್ತಾರೆ. ಅದಕ್ಕೂ ಮೊದಲು ಬರ್ತಿದ್ದ ವಿದೇಶಿ ಕಾಲಿಗೆ ಬೂಟು ಬೇಕಿತ್ತು. ಬೂಟು ಹಾಕ್ಕೊಂಡು ನೆಲ್ಲು ಗದ್ದೆಗೆ ಇಳಿಯೋಕಾಗ್ತದಾ? ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂಡೋಕಾಗ್ತದಾ? ಜೈಪುರ ಕಾಲಿನಲ್ಲಿ ಬರಿಗಾಲಲ್ಲಿ ನಡೀಬಹುದು, ಕೆಸರಿನಲ್ಲಿ ನಿಲ್ಲಬಹುದು, ಕುಕ್ಕರಗಾಲಲ್ಲಿ ಕೂಡಬಹುದು. 1975ರಲ್ಲಿ ಡಿ.ಆರ್. ಮೆಹ್ತಾ ಅವರು ಕಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನ ಉಚಿತವಾಗಿ ಹಂಚ್ತಾ ಬಂದಿದೆ. ಮುರಿದ್ರೆ ಹತ್ತಿರದ ಶಿಬಿರದಲ್ಲೇ ರಿಪೇರಿ. ಮಾಡಿದವರು ಮೊದಲು ನೆಲ ನೋಡಿದ್ರು, ಆಮೇಲೆ ಕಾಲು ಮಾಡಿದ್ರು.

ಕಾಕ್ಲಿಯರ್ ಇಂಪ್ಲಾಂಟನ್ನ ಪಂಕ್ಚರ್ ಅಂಗಡಿಯಲ್ಲಿ ಮಾಡೋಕಾಗೋದಿಲ್ಲ, ನನಗೂ ಗೊತ್ತು. ಒಳಗಿನ ಭಾಗ ದಶಕಗಟ್ಟಲೆ ದೇಹದ ಉಪ್ಪುನೀರಿನಲ್ಲಿ ಕೆಡದೆ ಇರಬೇಕು. ಜಗತ್ತಿನ ಬಹುಪಾಲು ಸಾಧನ ಬರೋದು ಆಸ್ಟ್ರೇಲಿಯಾ, ಆಸ್ಟ್ರಿಯಾ, ಅಮೆರಿಕ ಮೂಲದ ಮೂರು ಕಂಪನಿಗಳಿಂದ. ನಮ್ಮ ಡಿಆರ್‌ಡಿಒ ದೇಶೀ ಇಂಪ್ಲಾಂಟಿಗೆ ವರ್ಷಗಳಿಂದ ಕೆಲಸ ಮಾಡಿದೆ. ಆದರೆ ಹೊರಗಿನ ಭಾಗ? ಮೈಕು, ಬ್ಯಾಟರಿ, ವೈರು, ಕಾಯಿಲ್. ಕೈಬೆರಳಿನಷ್ಟು ಫೋನ್ ಬೋರ್ಡು ಬಿಚ್ಚಿ ಜೋಡಿಸೋ ಹುಡುಗರು ಸಿಂಧನೂರಿನಲ್ಲೇ ಇದ್ದಾರೆ. ಒಂದು ಕಂಪನಿಯ ಕಾಯಿಲ್ ಇನ್ನೊಂದಕ್ಕೆ ಕೂಡೋದಿಲ್ಲ. ಚಾರ್ಜರ್ ಎಲ್ಲಾ ಒಂದೇ ಟೈಪ್ ಇರಲಿ ಅಂತ ಫೋನಿಗೆ ಕಾನೂನು ಬಂತಲ್ಲ, ಕಿವಿಗೆ ಯಾಕಿಲ್ಲ? ಸರ್ಕಾರ ಸಾವಿರಗಟ್ಟಲೆ ಇಂಪ್ಲಾಂಟ್ ಖರೀದಿಸುವಾಗ ಹತ್ತು ವರ್ಷ ಬಿಡಿಭಾಗ ಕೊಡಬೇಕು ಅಂತ ಟೆಂಡರಿನಲ್ಲೇ ಬರೆಸಿದ್ರೆ ಸಾಕು, ದೊಡ್ಡ ವಿಜ್ಞಾನ ಏನೂ ಬೇಕಿಲ್ಲ.

ಹೊಸ ಸುದ್ದಿನೂ ಇವೆ. ಹೊರಗೆ ಏನೂ ಕಾಣದ, ಮೈಕು ಬ್ಯಾಟರಿ ಎಲ್ಲಾ ಚರ್ಮದೊಳಗೇ ಇರೋ ಇಂಪ್ಲಾಂಟುಗಳ ಪ್ರಯೋಗ ನಡೆದಿದೆ. 2024ರಲ್ಲಿ ಚೀನಾದ ಶಾಂಘೈ ವೈದ್ಯರು ಒಟಿಒಎಫ್ ಅನ್ನೋ ಒಂದೇ ಜೀನಿನ ದೋಷದಿಂದ ಕಿವುಡಾದ 6 ಮಕ್ಕಳಿಗೆ ಜೀನ್ ಚಿಕಿತ್ಸೆ ಕೊಟ್ಟದ್ದನ್ನ ಪ್ರಕಟಿಸಿದ್ರು. 5 ಮಕ್ಕಳಿಗೆ ಕೇಳೋಕೆ ಶುರುವಾಯ್ತು. ಯಂತ್ರನೇ ಇಲ್ಲ! ಆದರೆ ಅದು ಕಿವುಡುತನದ ಒಂದು ಸಣ್ಣ ಪಾಲಿಗೆ ಮಾತ್ರ. ಅದಕ್ಕೆ ಕಾಯ್ಕೊಂಡು ಕೂತ್ರೆ ಈಗಿನ ಮಕ್ಕಳ ಮೂರೂವರೆ ವರ್ಷ ಕಳೆದುಹೋಗ್ತದ.

ಇಂಪ್ಲಾಂಟ್ ಇಲ್ಲದವರ ಬದುಕೇನು ಕಡಿಮೆ ಅಲ್ಲ ಅಂತ ಕಿವುಡ ಸಮುದಾಯದವರು ಹೇಳ್ತಾರೆ, ಸೈಗೆ ಭಾಷೆಯೂ ಪೂರ್ತಿ ಭಾಷೆ ಅಂತ. ಅವರ ಮಾತು ನಿಜ. ಆ ಮೂರು ತಿಂಗಳು ನಮ್ಮ ಹುಡುಗಿಯನ್ನ ಕಾಪಾಡಿದ್ದು ಅಜ್ಜಿ. ಇಬ್ಬರೂ ಕೈಯಲ್ಲೇ ಜಗಳ ಆಡ್ತಿದ್ರು, ಕೈಯಲ್ಲೇ ನಗ್ತಿದ್ರು. ಬ್ಯಾಟರಿ ಸತ್ತಾಗಲೂ ನಡೆಯೋ ಭಾಷೆ ಒಂದು ಇರಲಿ. ಸೈಗೆ ಕಲಿಸಿದ್ರೆ ಮಾತು ಬರೋದಿಲ್ಲ ಅಂತ ಹೆದರಿಸೋರ ಮಾತು ನಾನಂತೂ ಒಪ್ಪೋದಿಲ್ಲ.

ಕೊನೆಗೆ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಮಗು ಇದ್ರೆ ಫೋನ್ ಇರೋ ನೀವು ಇವತ್ತೇ ಮಾಡಬಹುದಾದ ಕೆಲಸ. ಇಂಪ್ಲಾಂಟ್ ಕಾರ್ಡಿನ ಎರಡೂ ಬದಿ ಫೋಟೋ ತೆಗೆದಿಟ್ಟುಕೊಳ್ಳಿ, ಅದರಲ್ಲಿ ಮಾಡೆಲ್, ಸೀರಿಯಲ್ ನಂಬರ್ ಇರ್ತದ. ಮ್ಯಾಪಿಂಗ್‌ಗೆ ಹೋದಾಗ ಆ ಮ್ಯಾಪಿನ ಪ್ರತಿ ಕೇಳಿ ತಗೊಳ್ಳಿ, ಆಸ್ಪತ್ರೆ ಬದಲಾದ್ರೆ ಬೇಕಾಗ್ತದ. ವಾರಂಟಿ ಮುಗಿಯೋ ತಾರೀಖಿಗೆ ಆರು ತಿಂಗಳು ಮುಂಚೆ ರಿಮೈಂಡರ್ ಹಾಕಿ, ಸಣ್ಣಪುಟ್ಟ ದೋಷ ಇದ್ರೆ ಅಷ್ಟರೊಳಗೆ ತೋರಿಸಿ. ಯುಡಿಐಡಿ ಕಾರ್ಡು ಮಾಡಿಸಿ, ಅದಿಲ್ಲದೆ ಯಾವ ಅರ್ಜಿನೂ ಮುಂದೆ ಹೋಗೋದಿಲ್ಲ. ಎಂಆರ್‌ಐ ಮಾಡ್ತೀವಿ ಅಂದ್ರೆ ತಲೆಯಲ್ಲಿ ಅಯಸ್ಕಾಂತ ಇದೆ ಅಂತ ಮೊದಲೇ ಹೇಳಿ. ಇಂಪ್ಲಾಂಟ್ ಆದ ಮಕ್ಕಳಿಗೆ ಮೆದುಳು ಪೊರೆಯ ಸೋಂಕಿನ ಅಪಾಯ ಸ್ವಲ್ಪ ಹೆಚ್ಚು, ನ್ಯುಮೋಕಾಕಲ್ ಲಸಿಕೆ ಆಗಿದೆಯಾ ಅಂತ ತಾಯಿ ಕಾರ್ಡು ನೋಡಿ. ತರಬೇತಿಗೆ ದೂರ ಹೋಗೋಕಾಗದಿದ್ರೆ ವಿಡಿಯೋ ಕಾಲ್ ಮೇಲೆ ಮಾಡ್ತೀರಾ ಅಂತ ಕೇಳಿ, ಆಯಿಷ್‌ನಲ್ಲಿ ಆ ವ್ಯವಸ್ಥೆ ಇದೆ. ನೆಟ್‌ವರ್ಕ್ ಸಿಗದಿದ್ರೆ ನಮ್ಮೂರಲ್ಲಿ ಮಾಳಗಿ ಏರಿದ್ರೆ ಎರಡು ಕಡ್ಡಿ ಬರ್ತದ, ನಿಮ್ಮೂರಲ್ಲಿ ಎಲ್ಲಿ ಬರ್ತದೋ ನೋಡಿಕೊಳ್ಳಿ.

ಬಳಸದ ಹಳೇ ಪ್ರೊಸೆಸರ್, ಕಾಯಿಲ್, ಡ್ರೈಯರ್ ಡಬ್ಬಿ ಯಾರ ಮನೆಯ ಕಪಾಟಿನಲ್ಲಾದರೂ ಇದ್ದರೆ ನಿಮ್ಮ ಆಡಿಯಾಲಜಿಸ್ಟ್ ಹತ್ತಿರ ಹೇಳಿಡಿ, ಬೇಕಾದವರನ್ನ ಅವರೇ ಹುಡುಕಿ ಕೊಡ್ತಾರೆ.